ದೊಡ್ಡಮ್ಮನಿಗೆ, ಹನೋಯ್ ಪ್ರವಾಸದ ಬಗ್ಗೆ

ದೊಡ್ಡಮ್ಮ, ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದಿರಲ್ಲ, ಗೆಳತಿ ಜೊತೆ ವಿಯೆಟ್ನಾಂನ ಹನೋಯ್‌ಗೆ ಹೊರಟಿದ್ದೀವಿ, ಗೈಡ್ ಬೇಕಾ, ಮೊಟ್ಟೆ ಕೂಡ ತಿನ್ನದ ನಮಗೆ ಊಟ ಸಿಗುತ್ತಾ ಅಂತ. ಟೈಪ್ ಮಾಡಿದರೆ ಮುಗಿಯೋದಿಲ್ಲ, ಮಾತಲ್ಲೇ ಹೇಳ್ತೀನಿ, ಪೂರ್ತಿ ಕೇಳಿ.

ಗೈಡ್ ಖಂಡಿತ ಬೇಕು. ಆದರೆ ದುಡ್ಡು ಕೊಟ್ಟು ದೊಡ್ಡ ಬಸ್ಸಿನ ಟೂರ್ ತಗೊಳ್ಳಬೇಡಿ. ಅಲ್ಲಿನ ಕಾಲೇಜು ಹುಡುಗ ಹುಡುಗಿಯರೇ ಊರು ತೋರಿಸುತ್ತಾರೆ. ಹನೋಯ್‌ಕಿಡ್ಸ್ ಅಂತ ಒಂದು ಸಂಘ 2006ರಿಂದ ಇದೆ. ಅವರು ಫೀಸು ತಗೊಳ್ಳೋದಿಲ್ಲ. ಇಂಗ್ಲಿಷ್ ಮಾತಾಡಿ ಅಭ್ಯಾಸ ಆಗಲಿ ಅಂತ ಬರುತ್ತಾರೆ. ಅವರ ಪ್ರವೇಶ ಟಿಕೆಟ್, ಓಡಾಟದ ಖರ್ಚು ನಾವು ನೋಡಿಕೊಂಡರೆ ಆಯಿತು. ಮುಂಚೆಯೇ ಬುಕ್ ಮಾಡಿ, ಬೇಗ ತುಂಬಿಹೋಗುತ್ತೆ.

ನನಗೂ ನನ್ನ ಗೆಳತಿಗೂ ಇಬ್ಬರು ಹುಡುಗಿಯರು ಬಂದಿದ್ದರು. ಮೊದಲು ಕರೆದುಕೊಂಡು ಹೋಗಿದ್ದು ವಾನ್ ಮಿಯೆವ್‌ಗೆ, ಅಂದರೆ ಸಾಹಿತ್ಯ ಮಂದಿರಕ್ಕೆ. 1070ರಲ್ಲಿ ಚೀನಾದ ತತ್ವಜ್ಞಾನಿ ಕನ್‌ಫ್ಯೂಷಿಯಸ್ ಹೆಸರಲ್ಲಿ ಕಟ್ಟಿದ್ದು. ಆರೇ ವರ್ಷಕ್ಕೆ ಅಲ್ಲಿ ರಾಜಮನೆತನದವರಿಗೆ ಪಾಠಶಾಲೆಯೂ ಶುರುವಾಯಿತು. ಒಳಗೆ ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಲ್ಲಿಸಿದ 82 ಶಾಸನಗಳಿವೆ. ರಾಜರ ಕಾಲದ ದೊಡ್ಡ ಪರೀಕ್ಷೆ ಪಾಸಾದವರ ಹೆಸರು, ಊರು ಎಲ್ಲ ಕೆತ್ತಿದ್ದಾರೆ. ದೊಡ್ಡಮ್ಮ, ಯೋಚನೆ ಮಾಡಿ, ಯುದ್ಧ ಗೆದ್ದವರ ಹೆಸರಲ್ಲ, ಓದಿದವರ ಹೆಸರು! ಬರಹ ಚೀನೀ ಲಿಪಿಯಲ್ಲಿದೆ. ಈಗಿನ ಮಕ್ಕಳು ರೋಮನ್ ಲಿಪಿಯಲ್ಲಿ ಕಲಿತವರು, ಹೆಚ್ಚಿನವರಿಗೆ ಅದನ್ನು ಓದಲು ಬರೋದಿಲ್ಲ. ಆದರೂ ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಇಲ್ಲಿಗೆ ಬರುತ್ತಾರೆ. ಮುಂಚೆ ಆಮೆಯ ತಲೆ ಸವರಿ ಹೋಗುತ್ತಿದ್ದರಂತೆ, ಕಲ್ಲು ಸವೆಯುತ್ತೆ ಅಂತ ಈಗ ಅಡ್ಡ ಕಟ್ಟಿದ್ದಾರೆ. ನಮ್ಮ ಜೊತೆ ಬಂದ ಒಬ್ಬಳನ್ನು ಕಾಲೇಜು ಪ್ರವೇಶ ಪರೀಕ್ಷೆಗೆ ಮುಂಚೆ ಅವಳ ಅಮ್ಮ ಊರಿಂದ ಇಲ್ಲಿಗೆ ಕರೆತಂದಿದ್ದರಂತೆ. ಅವಳು ಅದನ್ನು ಹೇಳುವಾಗ ನನಗೆ ಕಣ್ಣು ತುಂಬಿ ಬಂತು. ದುಡ್ಡಿಗೆ ಬರುವ ಯಾವ ಗೈಡ್ ಇದನ್ನೆಲ್ಲ ಹೇಳುತ್ತಾನೆ?

ಆಮೇಲೆ ಹಳೆ ಪೇಟೆ. ಒಂದೊಂದು ಬೀದಿಗೂ ಅಲ್ಲಿ ಮಾರುತ್ತಿದ್ದ ಸರಕಿನ ಹೆಸರು. ಹಾಂಗ್ ಬಾಕ್‌ನಲ್ಲಿ ಬೆಳ್ಳಿ, ಹಾಂಗ್ ಮಾದಲ್ಲಿ ಕಾಗದ. ಹಾಂಗ್ ಮಾ ತಪ್ಪಿಸಬೇಡಿ. ತೀರಿಕೊಂಡ ಹಿರಿಯರಿಗೆ ಅಂತ ಸುಡುವ ಕಾಗದದ ನೋಟು, ಬಟ್ಟೆ, ಮನೆ ಎಲ್ಲ ಅಲ್ಲಿ ಮಾರುತ್ತಾರೆ. ಪಕ್ಷ ಮಾಡುವ ನಮಗೆ ಆ ಭಾವನೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ರಸ್ತೆ ದಾಟುವಾಗ ಮಾತ್ರ ಆ ಮಕ್ಕಳು ಹೇಳಿದ ಹಾಗೆ ಕೇಳಿ. ಬೈಕುಗಳ ಹೊಳೆ ಅದು. ಓಡಬಾರದು, ನಿಲ್ಲಬಾರದು, ಹಿಂದೆ ಸರಿಯಬಾರದು. ಒಂದೇ ಸಮನೆ ನಿಧಾನವಾಗಿ ನಡೆದರೆ ಅವರೇ ಸುತ್ತಿಕೊಂಡು ಹೋಗುತ್ತಾರೆ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಹೊವಾನ್ ಕೀಮ್ ಕೆರೆಯ ಸುತ್ತ ಗಾಡಿ ಬಿಡೋದಿಲ್ಲ, ನಿಮ್ಮ ಮಂಡಿನೋವಿಗೆ ಆಗ ಹೋಗುವುದೇ ವಾಸಿ. ಅಲ್ಲಿನ ರಾಷ್ಟ್ರನಾಯಕ ಹೋ ಚಿ ಮಿನ್ ಸಮಾಧಿ ನೋಡಬೇಕಾದರೆ ಬೆಳಿಗ್ಗೆಯೇ ಹೋಗಿ. ಸೋಮವಾರ, ಶುಕ್ರವಾರ ರಜಾ.

ಇನ್ನು ಊಟ. ಮಾಂಸ ಬೇಡ ಅಂದರೆ ಸಾಲದು, ಮೀನಿನ ಸಾಸ್ ಎಲ್ಲದಕ್ಕೂ ಬೀಳುತ್ತೆ. 'ಆನ್ ಚಾಯ್' ಅಂತ ಕೇಳಿ, ಅದು ಬೌದ್ಧರ ಸಸ್ಯಾಹಾರ. ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೇ ದಿನ ಅಲ್ಲಿಯವರೇ ಎಷ್ಟೋ ಜನ ಮಾಂಸ ಬಿಡುತ್ತಾರೆ. ನಮ್ಮ ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬೀಳುತ್ತೆ. ಆ ದಿನಗಳಲ್ಲಿ ನಿಮಗೆ ಊಟ ಹುಡುಕುವುದು ಸುಲಭ. ಆದರೂ ಮೊಟ್ಟೆ ಇದೆಯಾ ಅಂತ ಪ್ರತಿ ಸಲ ಕೇಳಿ.

ಅಲ್ಲಿ ಎಲ್ಲರೂ ಒಂದು ಕಾಫಿ ಕುಡಿಯಿರಿ ಅಂತ ಒತ್ತಾಯ ಮಾಡುತ್ತಾರೆ. 1946ರಲ್ಲಿ ಹಾಲು ಸಿಗದೆ ಮೊಟ್ಟೆಯ ಹಳದಿ ಕಡೆದು ಮಾಡಿದ ಕಾಫಿ ಅದು. ನಿಮಗೆ ಬೇಡ. ತೆಂಗಿನಹಾಲಿನ ಕಾಫಿ ತಗೊಳ್ಳಿ, ನನ್ನ ಗೆಳತಿ ದಿನಾ ಅದನ್ನೇ ಕುಡಿದಳು.

ನೀವು ಹೋಗುವ ತಾರೀಖು ಹೇಳಿ, ಪಂಚಾಂಗ ನೋಡಿ ಯಾವತ್ತು ಹುಣ್ಣಿಮೆ ಅಂತ ತಿಳಿಸ್ತೀನಿ.