ಬೀಕನ್‌ನಲ್ಲಿ ಹಸಿರು ದೀಪ ಬರುತ್ತದೆ, ಫೋನ್ ಮಾತ್ರ ಯಾರೂ ಮಾಡುವುದಿಲ್ಲ

ಕುಂಬಳೆ_ದೋಣಿ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಬೋಟಿನ ಇಪರ್ಬ್ ಬೀಕನ್ (ಅಪಾಯದಲ್ಲಿ ಸ್ಯಾಟಲೈಟಿಗೆ ಸಿಗ್ನಲ್ ಕಳಿಸುವ ಡಬ್ಬಿ) ಟೆಸ್ಟ್ ಮಾಡಿದೆ. ಹಸಿರು ದೀಪ ಬರುತ್ತದೆ. ಎಲ್ಲಿಂದಲೂ ಫೋನಿಲ್ಲ, ಮೆಸೇಜಿಲ್ಲ. ಬಯಲಲ್ಲೇ ಇಟ್ಟಿದ್ದೆ, ಒಂದು ತೆಂಗಿನಮರವೂ ಅಡ್ಡ ಇಲ್ಲ. ಜುಲೈ 31ಕ್ಕೆ ಟ್ರಾಲಿಂಗ್ ನಿಷೇಧ ಮುಗಿಯುತ್ತದೆ, ಅಷ್ಟರೊಳಗೆ ಸರಿಯಾಗಬೇಕು.

ಹಳೇ_ರೇಡಿಯೋ: ಬ್ಯಾಟರಿ. ಎಕ್ಸ್‌ಪೈರಿ ನೋಡಿ.

ಕುಂಬಳೆ_ದೋಣಿ: ಇನ್ನೂ ಎರಡು ವರ್ಷ ಉಂಟು.

ಹಳೇ_ರೇಡಿಯೋ: ಆದರೂ ಬ್ಯಾಟರಿಯೇ. 406 ಮೆಗಾಹರ್ಟ್ಸ್‌ನಲ್ಲಿ 5 ವ್ಯಾಟ್ ಸಿಗ್ನಲ್, ಸುಮಾರು 50 ಸೆಕೆಂಡಿಗೊಮ್ಮೆ ಬಿಡಬೇಕು. ಸುಸ್ತಾದ ಬ್ಯಾಟರಿಯಲ್ಲಿ ದೀಪ ಮಾತ್ರ ಉರಿಯುತ್ತದೆ. ಬೀಕನ್ ಜೊತೆಗೇ ಬಿಡುವ 121.5 ಮೆಗಾಹರ್ಟ್ಸ್ ಸಿಗ್ನಲ್ ಆದರೂ ಸ್ಯಾಟಲೈಟಿಗೆ ಕೇಳಬೇಕಿತ್ತು.

ಮಂಜೇಶ್ವರ_ಎಸ್‌ಡಿಆರ್: ಸ್ಯಾಟಲೈಟ್ 121.5 ಕೇಳುವುದು 2009ರ ಫೆಬ್ರವರಿ 1ಕ್ಕೇ ನಿಂತಿದೆ ಮಾರಾಯ್ರೇ. ಈಗ ಅದು ಹತ್ತಿರ ಬಂದ ಹೆಲಿಕಾಪ್ಟರಿಗೆ ದಾರಿ ತೋರಿಸಲು ಅಷ್ಟೇ.

ಹಳೇ_ರೇಡಿಯೋ: ನಾನು 121.5 ಕೇಳುವಾಗ ನೀವು ಚಡ್ಡಿ ಹಾಕುತ್ತಿದ್ದಿರಿ.

ಕುಂಬಳೆ_ದೋಣಿ: ಜಗಳ ಆಮೇಲೆ. ಒಂದ್ಸಲ ನಿಜವಾಗಿಯೇ ಆನ್ ಮಾಡಿಬಿಡಲಾ?

ಬಂದರು_ಅಕ್ಕ: ಬೇಡಪ್ಪ, ಬೇಡ! ಸೆಲ್ಫ್ ಟೆಸ್ಟ್‌ನ ಸಿಗ್ನಲ್ ಶುರುವಿನಲ್ಲೇ ಬೇರೆ ಗುರುತು ಇರುತ್ತದೆ. ಅದನ್ನು ಕಂಡರೆ ಅಪಾಯದ ಕರೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಫೋನ್ ಬಾರದ್ದೇ ಸರಿ. ನಿಜವಾಗಿ ಆನ್ ಮಾಡಿದರೆ ಸಿಗ್ನಲ್ ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಮುಂಬೈ ಕೋಸ್ಟ್ ಗಾರ್ಡಿಗೆ ಸುದ್ದಿ ಮುಟ್ಟುತ್ತದೆ. ನೋಂದಣಿಯಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ನಿಮ್ಮದು ನೋಂದಣಿ ಆಗಿದೆಯಾ?

ಕುಂಬಳೆ_ದೋಣಿ: ಗೊತ್ತಿಲ್ಲ. ಭಾವ ಶಾರ್ಜಾದಿಂದ ತಂದದ್ದು. ಅಲ್ಲಿನ ಯಾವುದೋ ಹಳೇ ಬೋಟಿನದ್ದು. ಅದನ್ನೂ ಹೇಳಬೇಕಿತ್ತಾ?

ಮಂಜೇಶ್ವರ_ಎಸ್‌ಡಿಆರ್: ಅದನ್ನೇ ಮೊದಲು ಹೇಳಬೇಕಿತ್ತು! ಮೈಮೇಲಿನ 15 ಅಕ್ಷರದ ಕೋಡ್ ಹೇಗೆ ಶುರುವಾಗುತ್ತದೆ?

ಕುಂಬಳೆ_ದೋಣಿ: 3ಎಸಿ.

ಮಂಜೇಶ್ವರ_ಎಸ್‌ಡಿಆರ್: ಆ ಕೋಡಿನ ಶುರುವಿನಲ್ಲೇ ದೇಶದ ನಂಬರ್ ಅಡಗಿರುತ್ತದೆ. 3ಎಸಿ ಅಂದರೆ 470, ಯುಎಇ. ನಮ್ಮ ದೇಶದ್ದು 419.

ಬಂದರು_ಅಕ್ಕ: ಬೋಟ್ ಮುಳುಗಿದರೆ ಹುಡುಕಲು ಬಂದೇ ಬರುತ್ತಾರೆ, ಅದಕ್ಕೆ ಜಾಗ ಸಿಕ್ಕರೆ ಸಾಕು. ಆದರೆ ಯಾರ ಬೋಟ್, ಎಷ್ಟು ಜನ ಅಂತ ಕೇಳಲು ಹೊರಟರೆ ಶಾರ್ಜಾದ ಹಳೇ ಯಜಮಾನನಿಗೆ ಫೋನ್ ಹೋದೀತು. ಅಧಿಕೃತ ಡೀಲರ್ ಹತ್ತಿರ 419ಕ್ಕೆ ಬದಲಿಸಿ, ಆಮೇಲೆ ಬೆಂಗಳೂರಿನಲ್ಲಿ ನೋಂದಣಿ ಮಾಡಿಸಿ.

ಕುಂಬಳೆ_ದೋಣಿ: ಭಾವನಿಗೆ ಹೇಳಿದೆ. ಸುಮ್ನೆ ಕೊಟ್ಟದ್ದಕ್ಕೆ ಇಷ್ಟು ಮಾತಾ ಅಂತಾನೆ.

ಹಳೇ_ರೇಡಿಯೋ: ಡೀಲರ್ ಹತ್ತಿರ ಹೋದಾಗ ಬ್ಯಾಟರಿಯನ್ನೂ ನೋಡಿಸಿ. ಅಂದ ಹಾಗೆ, ನನ್ನ ಟೆರೇಸಿನ ಹೊಸ ಆಂಟೆನಾದ ಫೋಟೊ ನಿನ್ನೆ ಹಾಕಿದ್ದೆ, ಯಾರೂ ನೋಡಲೇ ಇಲ್ಲ.