ಕ್ಯಾವನ್ ಕಡೆಯ ಸ್ಮಿತ್ ಮನೆತನ: ಇದು ಐರಿಷ್ ಹೆಸರೇ ಇರಬಹುದಾ?

ಪ್ರಶ್ನೆ

ನಮಸ್ಕಾರ. ನಾನು ಡಬ್ಲಿನ್‌ಗೆ ಬಂದು ಆರು ವರ್ಷ ಆಯಿತು. ಗಂಡ ಇಲ್ಲಿಯವರೇ, ಮನೆತನದ ಹೆಸರು ಸ್ಮಿತ್. ಎರಡು ತಿಂಗಳ ಹಿಂದೆ ಮಾವ ತೀರಿಕೊಂಡರು. ಅವರ ಪ್ರಾರ್ಥನೆ ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಒಂದು ಜಾಗದ ಹೆಸರು ಸಿಕ್ಕಿತು. ‘ಡ್ರಮ್’ ಅಂತ ಶುರುವಾಗುತ್ತದೆ, ಮುಂದಿನ ಅಕ್ಷರಗಳು ಅಳಿಸಿಹೋಗಿವೆ. ಕೆಳಗೆ ‘ಕ್ಯಾವನ್’ ಅಂತಿದೆ, ಅದು ಇಲ್ಲಿಯ ಒಂದು ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ಮಾವನ ಅಜ್ಜ ಆ ಕಡೆಯವರು ಅಂತಾರೆ ಅತ್ತೆ. ಅವರಿಗೂ ಅಷ್ಟೇ ಗೊತ್ತು.

ಮನೆಯಲ್ಲಿ ಮೊದಲಿನಿಂದ ಒಂದು ಮಾತಿದೆ: ಸ್ಮಿತ್ ಇಂಗ್ಲಿಷ್ ಹೆಸರು, ಹಾಗಾಗಿ ಇವರು ಐರ್ಲೆಂಡಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಕ್ರಾಮ್‌ವೆಲ್‌ನ ಸೈನ್ಯದ ಜೊತೆ ಬಂದವರೇ ಇರಬೇಕು ಅಂತ. ಈ ಮಾತು ಎದ್ದಾಗಲೆಲ್ಲ ಮಾವನ ಮುಖ ಸಣ್ಣದಾಗುತ್ತಿತ್ತು. ಆದರೆ ಆ ಸೈನ್ಯದವರು ಪ್ರಾಟೆಸ್ಟಂಟರು, ನಮ್ಮ ಮನೆಯವರೆಲ್ಲ ತಲೆತಲಾಂತರದಿಂದ ಕ್ಯಾಥೊಲಿಕರು. ಎರಡೂ ಹೇಗೆ ಹೊಂದುತ್ತದೆ? ಎಲ್ಲಿಂದ ಹುಡುಕಲಿ? ಮಗಳಿಗೆ ಈಗ ನಾಲ್ಕು ವರ್ಷ. ಅವಳಿಗೆ ತಾತನ ಕಡೆಯ ಕಥೆಯನ್ನು ಸರಿಯಾಗಿ ಹೇಳಬೇಕು ಅಂತ ಆಸೆ.

ಇನ್ನೊಂದು. ಇಲ್ಲೊಂದು ಅಂಗಡಿಯಲ್ಲಿ ‘ಸ್ಮಿತ್ ಮನೆತನದ ಲಾಂಛನ’ಕ್ಕೆ ಚೌಕಟ್ಟು ಹಾಕಿ ಮಾರುತ್ತಾರೆ. ತಗೊಳ್ಳಲಾ?

ಉತ್ತರ 1

ಲಾಂಛನ ಬೇಡ. ಅದನ್ನು ಕೊಡುವುದು ಒಬ್ಬ ವ್ಯಕ್ತಿಗೆ, ಅವನ ವಂಶದವರಿಗೆ. ಅದೇ ಹೆಸರಿದ್ದ ಎಲ್ಲರಿಗೂ ಅಲ್ಲ.

ಕ್ಯಾವನ್ ಅಂದಿರಲ್ಲ, ಒಳ್ಳೆಯ ಸುಳಿವು ಅದೇ. ಐರಿಷ್ ಭಾಷೆಯಲ್ಲಿ ‘ಗೌ’ ಅಂದರೆ ಕಮ್ಮಾರ. ‘ಮ್ಯಾಕ್ ಗೌವನ್’ ಅಂದರೆ ಕಮ್ಮಾರನ ಮಗ. ಹೆಸರುಗಳು ಇಂಗ್ಲಿಷ್‌ಗೆ ತಿರುಗಿದ ಕಾಲದಲ್ಲಿ ಕೆಲವರು ಸದ್ದು ಉಳಿಸಿಕೊಂಡು ಮೆಕ್‌ಗೋವನ್ ಆದರು. ಕೆಲವರು ಅರ್ಥ ಉಳಿಸಿಕೊಂಡು ಸ್ಮಿತ್ ಆದರು, ಇಂಗ್ಲಿಷ್‌ನಲ್ಲಿ ಸ್ಮಿತ್ ಅಂದರೂ ಕಮ್ಮಾರನೇ. ಕ್ಯಾವನ್‌ನಲ್ಲಿ ಸ್ಮಿತ್ ಆದವರೇ ಜಾಸ್ತಿ. ಪಕ್ಕದ ಲೀಟ್ರಿಮ್ ಕಡೆ ಮೆಕ್‌ಗೋವನ್ ಇನ್ನೂ ಇದ್ದಾರೆ.

ಹಾಗಂತ ಇಂಗ್ಲೆಂಡಿನ ಸ್ಮಿತ್‌ಗಳು ಅಲ್ಲಿಗೆ ಬಂದೇ ಇಲ್ಲ ಅಂತಲ್ಲ. ಕ್ರಾಮ್‌ವೆಲ್ 1649ರಲ್ಲಿ ಬಂದ. ಅದಕ್ಕೂ ಮೊದಲೇ, 1609ರ ನಂತರದ ಅಲ್‌ಸ್ಟರ್ ಪ್ಲಾಂಟೇಶನ್‌ನಲ್ಲಿ, ಅಂದರೆ ಉತ್ತರ ಐರ್ಲೆಂಡಿನ ಕಡೆ ಬ್ರಿಟನ್ನಿನವರನ್ನು ತಂದು ನೆಲೆಗೊಳಿಸಿದಾಗ, ಕ್ಯಾವನ್ ಜಮೀನು ಹೊರಗಿನವರ ಪಾಲಾಗಿತ್ತು. ಹೆಸರೊಂದನ್ನೇ ನೋಡಿ ಏನೂ ಹೇಳಲಾಗದು.

ಉತ್ತರ 2

ನನ್ನ ಹೆಂಡತಿಯ ಕಡೆಯವರು ಮೇಯೊ ಕೌಂಟಿಯವರು. ಹೆಸರಿನ ಹಿಂದೆ ಬಿದ್ದು ನನ್ನದೊಂದು ವರ್ಷ ಹೋಯಿತು. ಟೌನ್‌ಲ್ಯಾಂಡ್ ಸಿಕ್ಕ ಮೇಲೆ ಒಂದೇ ವಾರದಲ್ಲಿ ನಾಲ್ಕು ತಲೆಮಾರು ಸಿಕ್ಕಿತು. ಟೌನ್‌ಲ್ಯಾಂಡ್ ಅಂದರೆ ಹಳ್ಳಿಗಿಂತಲೂ ಚಿಕ್ಕ ಜಾಗ. ಐರ್ಲೆಂಡಿನಲ್ಲಿ ಅಂಥವು 60,000ಕ್ಕೂ ಜಾಸ್ತಿ. ನಿಮ್ಮ ‘ಡ್ರಮ್’ ಅಂದರೆ ಗುಡ್ಡದ ಬೆನ್ನು. ಕ್ಯಾವನ್ ತುಂಬಾ ಅಂಥ ದಿಬ್ಬಗಳೇ, ಹಾಗಾಗಿ ಡ್ರಮ್‌ಗಳೂ ಬಹಳ.

1901 ಮತ್ತು 1911ರ ಜನಗಣತಿ ರಾಷ್ಟ್ರೀಯ ದಾಖಲೆ ಭಂಡಾರದ ತಾಣದಲ್ಲಿ ಪುಕ್ಕಟೆ ಇದೆ. ಮನೆಯ ಯಜಮಾನ ಸಹಿ ಮಾಡಿದ ಹಾಳೆಯನ್ನೇ ನೋಡಬಹುದು. ಅದಕ್ಕೂ ಹಿಂದಿನದು ಹೆಚ್ಚುಕಮ್ಮಿ ಇಲ್ಲ. 1821ರಿಂದ 1851ರವರೆಗಿನ ಗಣತಿ ಬಹುಪಾಲು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಮುಚ್ಚಯದ ಬೆಂಕಿಯಲ್ಲಿ ಹೋಯಿತು, ದಾಖಲೆಗಳನ್ನು ಇಟ್ಟಿದ್ದು ಅಲ್ಲೇ. 1861ರಿಂದ 1891ರದ್ದನ್ನು ಸರ್ಕಾರವೇ ನಾಶ ಮಾಡಿತು. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ.

ಆದರೂ ದಾರಿಯಿದೆ. 1864ರಿಂದ ಎಲ್ಲರ ಜನನ, ಮರಣ, ಮದುವೆ ನೋಂದಣಿಯಾಗಿದೆ. ಜನನದ ದಾಖಲೆಯಲ್ಲಿ ತಾಯಿಯ ತವರಿನ ಹೆಸರೂ ಇರುತ್ತದೆ. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಸುಮಾರು 1880ರವರೆಗಿನವು ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿವೆ. ಹೆಸರುಗಳು ಲ್ಯಾಟಿನ್‌ನಲ್ಲಿದ್ದರೆ ಗಾಬರಿಯಾಗಬೇಡಿ. ಯಾಕೋಬುಸ್ ಅಂದರೆ ಜೇಮ್ಸ್, ಗುಲಿಯೆಲ್ಮುಸ್ ಅಂದರೆ ವಿಲಿಯಂ. ಸ್ಮಿತ್, ಸ್ಮೈತ್, ಮೆಕ್‌ಗೋವನ್, ಮಗೌವನ್, ಎಲ್ಲವನ್ನೂ ಹುಡುಕಿ.

ವಯಸ್ಸನ್ನು ಮಾತ್ರ ನಂಬಬೇಡಿ. 1909ರಿಂದ 70 ತುಂಬಿದವರಿಗೆ ಪಿಂಚಣಿ ಬಂತು, ಅದರ ಆಸೆಗೆ ವಯಸ್ಸು ಹೆಚ್ಚಿಸಿ ಹೇಳಿದವರು ಬಹಳ. ಹತ್ತು ವರ್ಷದಲ್ಲಿ ಹದಿನೈದು ವರ್ಷ ದೊಡ್ಡವರಾದವರು ಗಣತಿಯಲ್ಲಿ ಬೇಕಾದಷ್ಟು ಸಿಗುತ್ತಾರೆ.

ಉತ್ತರ 3

ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ವೈ-ಡಿಎನ್‌ಎ ಮಾಡಿಸಿ. ಅದು ತಂದೆಯಿಂದ ಮಗನಿಗೆ ಹೋಗುತ್ತದೆ, ಮನೆತನದ ಹೆಸರಿನ ಹಾಗೇ. ಆದರೆ ಕಾಗದ ಪತ್ರ ಮೊದಲು.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಸಿಕ್ಕರು! ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕ್ಯಾವನ್‌ನ ಡ್ರಮ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಹನ್ನೊಂದನೆಯದರಲ್ಲಿ ಮಾವನ ಅಜ್ಜ ಸಿಕ್ಕರು, 1901ರಲ್ಲಿ 24 ವರ್ಷದ ಹುಡುಗ. ಅವರ ಅಪ್ಪನಿಗೆ ಆಗ 54, 1911ರಲ್ಲಿ ನೋಡಿದರೆ 70! ಸಹಿಯ ಜಾಗದಲ್ಲಿ, ಬರೆಯಲು ಬಾರದವರು ಹಾಕುವ ಒಂದು ಗುಣಿಸುವ ಚಿಹ್ನೆ, ಸ್ವಲ್ಪ ವಾಲಿಕೊಂಡಿದೆ. ಅವರ ಹೆಂಡತಿಯ ಸಾಲಿನಲ್ಲಿ, ಭಾಷೆಯ ಕಾಲಂನಲ್ಲಿ, ‘ಐರಿಷ್ ಮತ್ತು ಇಂಗ್ಲಿಷ್’ ಅಂತಿದೆ. ಮಕ್ಕಳ ಸಾಲುಗಳಲ್ಲಿ ಆ ಕಾಲಂ ಖಾಲಿ, ಅಂದರೆ ಅವರಿಗೆ ಐರಿಷ್ ಬರುತ್ತಿರಲಿಲ್ಲ.

ಆಮೇಲೆ ಚರ್ಚಿನ ಪುಸ್ತಕ ತೆರೆದೆ. 1877ರಲ್ಲಿ ಮಾವನ ಅಜ್ಜನ ದೀಕ್ಷಾಸ್ನಾನ, ಹೆಸರು ಸ್ಮಿತ್. ಅದೇ ತಂದೆತಾಯಿ, ಅದೇ ಟೌನ್‌ಲ್ಯಾಂಡ್, 1874ರಲ್ಲಿ ಅವರ ಅಕ್ಕನದು. ಅಲ್ಲಿ ಪಾದ್ರಿ ಬರೆದದ್ದು ಮೆಕ್‌ಗೋವನ್. ಪರದೆಯನ್ನು ಅತ್ತೆಯ ಕಡೆ ತಿರುಗಿಸಿದೆ. ಅವರು ಬೆರಳಿಟ್ಟು ಅಕ್ಷರ ಅಕ್ಷರ ಓದಿದರು. “ಇದನ್ನು ಅವರು ನೋಡಬೇಕಿತ್ತು” ಅಂದರು.

ಇನ್ನೊಂದು ಸಹಾಯ ಬೇಕು. 1911ರ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದಿದ್ದಾರೆ ಅಂತ ಕೇಳಿದ್ದಾರೆ. ಆ ತಾಯಿಯ ಸಾಲಿನಲ್ಲಿ ಒಂಬತ್ತು, ಆರು ಅಂತಿದೆ. ಆರು ಜನರ ಹೆಸರು ನನ್ನ ಹತ್ತಿರ ಇದೆ. ಉಳಿದ ಮೂವರಲ್ಲಿ ಒಬ್ಬಳು 1874ರ ಆ ಹುಡುಗಿ, ಎರಡು ವರ್ಷಕ್ಕೇ ಹೋಗಿದ್ದಾಳೆ. ಇನ್ನಿಬ್ಬರ ಹೆಸರು ಸ್ಮಿತ್‌ನಲ್ಲೂ ಸಿಗಲಿಲ್ಲ, ಮೆಕ್‌ಗೋವನ್‌ನಲ್ಲೂ ಸಿಗಲಿಲ್ಲ. ಬೇರೆ ಯಾವ ರೀತಿ ಬರೆದಿರಬಹುದು?