ಹೊಟ್ಟೆಯ ಬೊಜ್ಜಿಗೊಂದು, ತೊಡೆಯ ಬೊಜ್ಜಿಗೊಂದು ಎಣ್ಣೆಯ ಲೆಕ್ಕವೇ?

ಪ್ರಶ್ನೆ (ದಾವಣಗೆರೆಯ ಸದಸ್ಯೆ): ನನಗೆ 38 ವರ್ಷ, ಎತ್ತರ 156 ಸೆಂ.ಮೀ., ತೂಕ 71 ಕಿಲೋ. ಕೈಕಾಲು ಸಣ್ಣ, ಬೊಜ್ಜೆಲ್ಲ ಹೊಟ್ಟೆಯಲ್ಲಿ. ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ನನ್ನ ಓರಗಿತ್ತಿಯ ತೂಕವೂ ಹೆಚ್ಚುಕಡಿಮೆ ಇಷ್ಟೇ, ಆದರೆ ಅವಳಿಗೆ ಹೊಟ್ಟೆಯಿಲ್ಲ, ತೊಡೆ ಭಾರ. ಮೊಬೈಲ್ ಆ್ಯಪ್ ಒಂದು ನನ್ನದು ಸೇಬಿನ ಆಕಾರ, ಅನ್ನ ಬಿಟ್ಟು ತುಪ್ಪ, ಬೆಣ್ಣೆ ಹೆಚ್ಚಿಸಬೇಕು ಎಂದಿದೆ. ಅವಳದು ಪೇರ್ ಹಣ್ಣಿನ ಆಕಾರವಂತೆ, ಜಿಡ್ಡು ಮುಟ್ಟಲೇಬಾರದಂತೆ. ನಮ್ಮಿಬ್ಬರದೂ ಒಂದೇ ಅಡುಗೆಮನೆ. ಆರು ಜನರಿಗೆ ತಿಂಗಳಿಗೆ 7 ಲೀಟರ್ ಸೂರ್ಯಕಾಂತಿ ಎಣ್ಣೆ ತರುತ್ತೇವೆ. ಇನ್ನು ಮೇಲೆ ಎರಡು ಬಗೆ ಅಡುಗೆ ಮಾಡಬೇಕೇ?

ಆಹಾರತಜ್ಞೆಯ ಉತ್ತರ: ಆ್ಯಪಿನ ಮಾತಿಗೆ ಒಲೆ ಬೇರೆ ಮಾಡಬೇಡಿ.

ದೇಹದ ಆಕಾರಕ್ಕೆ ಅರ್ಥವೇ ಇಲ್ಲವೆಂದಲ್ಲ. ಬೊಜ್ಜು ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯವೆಂದು ಫ್ರಾನ್ಸಿನ ವೈದ್ಯ ಜಾನ್ ವಾಗ್ 1947ರಲ್ಲೇ ಬರೆದಿದ್ದರು. ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಕೂರುವ ಕೊಬ್ಬು ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಕ್ಕೆ ದಾರಿ ಮಾಡುತ್ತದೆ. ತೊಡೆಯ ಕೊಬ್ಬು ಅಷ್ಟು ಕೇಡಿನದಲ್ಲ; ಇಲ್ಲವಾದರೆ ರಕ್ತದಲ್ಲಿ ಅಲೆಯುತ್ತಿದ್ದ ಕೊಬ್ಬನ್ನು ಅದು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಭಾರತೀಯ ಹೆಂಗಸರಿಗೆ ಹೊಟ್ಟೆಯ ಸುತ್ತಳತೆ 80 ಸೆಂ.ಮೀ. ದಾಟಬಾರದು, ಗಂಡಸರಿಗೆ 90. ನಿಮ್ಮದು 94. ಆದ್ದರಿಂದ ಊಟದ ಪಟ್ಟಿಗಿಂತ ಮೊದಲು ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿ. ಆಕಾರ ಹೇಳುವುದು ಅಪಾಯವನ್ನು. ತಟ್ಟೆಯಲ್ಲಿ ಜಿಡ್ಡು ಶೇಕಡಾ ಎಷ್ಟಿರಬೇಕೆಂದು ಅದು ಹೇಳುವುದಿಲ್ಲ.

ಆ್ಯಪಿನ ವಾದದ ಬುಡ ಹೀಗಿದೆ: ಹೊಟ್ಟೆ ಬೊಜ್ಜಿನವರಲ್ಲಿ ಇನ್ಸುಲಿನ್ ಏರುಪೇರು ಹೆಚ್ಚು, ಆದ್ದರಿಂದ ಅವರು ಪಿಷ್ಟ (ಕಾರ್ಬೋಹೈಡ್ರೇಟ್) ಇಳಿಸಿ ಕೊಬ್ಬು ಏರಿಸಿದರೆ ಬೇಗ ತೆಳುವಾಗುತ್ತಾರೆ. ಕೇಳಲು ಚೆನ್ನಾಗಿದೆ. 2007ರ ಒಂದು ಸಣ್ಣ ಅಧ್ಯಯನ ಅದಕ್ಕೆ ಸ್ವಲ್ಪ ಬೆಂಬಲವನ್ನೂ ಕೊಟ್ಟಿತ್ತು. ಆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ ಜಿಡ್ಡಿನ, ಇನ್ನೊಂದಕ್ಕೆ ಕಡಿಮೆ ಪಿಷ್ಟದ ಊಟ ಹೇಳಿ ಒಂದು ವರ್ಷ ನೋಡಿದರು. ಫಲಿತಾಂಶ 2018ರಲ್ಲಿ ಬಂತು. ಮೊದಲ ಗುಂಪು ಸರಾಸರಿ 5.3 ಕಿಲೋ ಇಳಿದಿತ್ತು, ಎರಡನೆಯದು 6 ಕಿಲೋ. ಗಣನೆಗೆ ಬರುವ ವ್ಯತ್ಯಾಸವಲ್ಲ. ಯಾರಿಗೆ ಯಾವ ಊಟ ಒಗ್ಗುತ್ತದೆಂಬುದನ್ನು ಅವರ ಇನ್ಸುಲಿನ್ ಪ್ರಮಾಣವೂ ಹೇಳಲಿಲ್ಲ, ವಂಶವಾಹಿಗಳೂ ಹೇಳಲಿಲ್ಲ. ರಕ್ತ ಪರೀಕ್ಷೆಯಿಂದ ತಿಳಿಯದಿದ್ದುದನ್ನು ಆ್ಯಪ್ ನಿಮ್ಮ ಆಕಾರ ನೋಡಿ ಹೇಳುತ್ತಿದೆ!

ಈಗ ನಿಮ್ಮ 7 ಲೀಟರಿಗೆ ಬರೋಣ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆರು ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ 35 ಗ್ರಾಂ, ಅಂದರೆ 315 ಕ್ಯಾಲೊರಿ. ಹೆಚ್ಚು ಓಡಾಟವಿಲ್ಲದ ಹೆಂಗಸಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು 20 ಗ್ರಾಂ. ಮಕ್ಕಳು, ದುಡಿಯುವವರು ಇರುವ ಮನೆಯಾದ್ದರಿಂದ 5 ಲೀಟರಿಗೆ ಇಳಿಸಿ. ಇದರಿಂದ ತಲೆಗೆ 90 ಕ್ಯಾಲೊರಿ ಉಳಿಯುತ್ತದೆ. ದೊಡ್ಡದೇನಲ್ಲ, ಆದರೆ ಯಾರೂ ಹಸಿದುಕೊಳ್ಳಬೇಕಾಗಿಲ್ಲ. ಮಿರ್ಚಿ ಮಂಡಕ್ಕಿಯ ಊರಿನವರಿಗೆ ಇದನ್ನು ಹೇಳುವುದು ಸುಲಭವಲ್ಲ ಎಂಬುದು ನನಗೂ ಗೊತ್ತು.

ಹೆಚ್ಚಿನ ಕೆಲಸ ಇರುವುದು ಅನ್ನ, ರೊಟ್ಟಿ, ಸಕ್ಕರೆಯ ಕಡೆ. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇಕಡಾ 62 ಪಿಷ್ಟದಿಂದಲೇ ಬರುತ್ತದೆ. ಅನ್ನವನ್ನು ಮೂರನೆಯ ಒಂದು ಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ಹೆಸರುಕಾಳು, ಹುರುಳಿ, ಮೊಸರು ಅಥವಾ ಮೊಟ್ಟೆ ತನ್ನಿ, ಬೆಣ್ಣೆಯನ್ನಲ್ಲ. ಇದು ನಿಮಗೂ ಸರಿ, ಓರಗಿತ್ತಿಗೂ ಸರಿ.

ಪ್ರಶ್ನೆ (ಪುತ್ತೂರಿನ ಸದಸ್ಯರು): ಹಾಗಾದರೆ ಯಾವ ಎಣ್ಣೆಯಾದರೂ ಒಂದೆಯೇ? ತೆಂಗಿನೆಣ್ಣೆ ಹೊಟ್ಟೆಯ ಬೊಜ್ಜನ್ನು ಕರಗಿಸುತ್ತದೆ ಎಂದು ಕೇಳಿದ್ದೇನೆ.

ಉತ್ತರ: ಕ್ಯಾಲೊರಿಯಲ್ಲಿ ಒಂದೇ, ಗ್ರಾಮಿಗೆ 9. ಆದರೆ ಕೊಬ್ಬಿನ ಜಾತಿ, ಅದು ಹೋಗಿ ಕೂರುವ ಜಾಗವನ್ನು ಸ್ವಲ್ಪ ಬದಲಿಸುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 39 ಯುವಜನರಿಗೆ ಏಳು ವಾರ ಮಾಮೂಲಿ ಊಟದ ಮೇಲೆ ಮಫಿನ್ ತಿನ್ನಿಸಿದರು. ಕೆಲವರದ್ದು ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ಹೆಚ್ಚಿರುವ ತಾಳೆ ಎಣ್ಣೆಯದು, ಉಳಿದವರದ್ದು ಸೂರ್ಯಕಾಂತಿ ಎಣ್ಣೆಯದು. ಎರಡೂ ಗುಂಪಿನ ತೂಕ ಏರಿದ್ದು ಒಂದೇ ಸಮ. ಆದರೆ ತಾಳೆ ಎಣ್ಣೆಯವರಲ್ಲಿ ಯಕೃತ್ತಿನ ಮತ್ತು ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು ಬೆಳೆದಿತ್ತು. ಹೊಟ್ಟೆ ಮುಂದಿರುವವರು ತುಪ್ಪ, ಬೆಣ್ಣೆ, ತೆಂಗಿನೆಣ್ಣೆಯಂಥ ಪರ್ಯಾಪ್ತ ಕೊಬ್ಬಿನ ಮೇಲೆ ಕೈ ಬಿಗಿ ಮಾಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಆಕಾರ ನೋಡಿ ನಾನು ಬದಲಿಸುವ ಸಲಹೆ ಇದೊಂದೇ, ಅದೂ ಪ್ರಮಾಣದ್ದಲ್ಲ, ಜಾತಿಯದು.

ತೆಂಗಿನೆಣ್ಣೆಯ ಕೀರ್ತಿ ಎರವಲು ತಂದದ್ದು. ತೂಕ ಇಳಿಸುವ ಪ್ರಯೋಗಗಳಲ್ಲಿ ಬಳಸಿದ್ದು ಪ್ರಯೋಗಾಲಯದಲ್ಲಿ ಬೇರ್ಪಡಿಸಿದ ಮಧ್ಯಮ ಸರಪಳಿಯ ಕೊಬ್ಬು. ನಮ್ಮ ತೆಂಗಿನೆಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲವೆಂಬ ಕೊಬ್ಬು; ಅದನ್ನು ದೇಹ ಬಹುಪಾಲು ಮಾಮೂಲಿ ಕೊಬ್ಬಿನಂತೆಯೇ ನಡೆಸಿಕೊಳ್ಳುತ್ತದೆ. ಒಗ್ಗರಣೆಗೆ ಒಂದು ಚಮಚ ಹಾಕಿ, ಔಷಧಿಯೆಂದು ಕುಡಿಯಬೇಡಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ನನ್ನ ಬಿಎಂಐ (ಎತ್ತರಕ್ಕೆ ತೂಕದ ಅಳತೆ) 22, ಅಂದರೆ ತೂಕ ಸರಿಯಿದೆ, ಆದರೂ ಹೊಟ್ಟೆ ಇದೆ. ಜಿಮ್ ತರಬೇತುದಾರರು ನೀನು ಎಕ್ಟೊಮಾರ್ಫ್ (ಸಣಕಲು ಮೈಕಟ್ಟು), ಏನು ಬೇಕಾದರೂ ತಿನ್ನು ಎನ್ನುತ್ತಾರೆ.

ಉತ್ತರ: ಎಕ್ಟೊಮಾರ್ಫ್, ಎಂಡೊಮಾರ್ಫ್ (ದಪ್ಪ ಮೈಕಟ್ಟು) ಎಂಬ ವಿಂಗಡಣೆ 1940ರ ದಶಕದಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮಾಡಿದ್ದು. ಮೈಕಟ್ಟಿನಿಂದ ಸ್ವಭಾವ ಹೇಳುವುದು ಅವರ ಉದ್ದೇಶವಾಗಿತ್ತು, ಊಟ ಹೇಳುವುದಲ್ಲ.

2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಅವರ ಫೋಟೋ ಬಂದಿತ್ತು. ಇಬ್ಬರ ಬಿಎಂಐ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ನೀವೂ ಯಾಜ್ಞಿಕ್ ಅವರ ಪೈಕಿಯವರಿರಬಹುದು: ತೂಕ ಸರಿ, ಒಳಗೆ ಕೊಬ್ಬು ಹೆಚ್ಚು. ಸುತ್ತಳತೆ ಅಳೆಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆದುಕೊಳ್ಳದೆ. ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ತರಬೇತುದಾರರ ಮಾತು ಬಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಿ.

ಪ್ರಶ್ನೆ (ದಾವಣಗೆರೆಯ ಮೊದಲ ಸದಸ್ಯೆಯ ಓರಗಿತ್ತಿ): ಪೇರ್ ಹಣ್ಣು ನಾನೇ. ಆರು ತಿಂಗಳಲ್ಲಿ ಮುಖ, ಭುಜ ಇಳಿದಿವೆ, ಕಾಲು ಒಂದಿಷ್ಟೂ ಇಳಿದಿಲ್ಲ. ಒತ್ತಿದರೆ ನೋವು. ಎಣ್ಣೆ ಇನ್ನೂ ಬಿಡಬೇಕೇ?

ಉತ್ತರ: ಬಿಡಬೇಡಿ. ತೊಡೆಯ ಕೊಬ್ಬು ಕೊನೆಗೆ ಇಳಿಯುವುದು ಸಹಜ. ಆದರೆ ನೋವು ಸಹಜವಲ್ಲ. ಎರಡೂ ಕಾಲು ಸಮವಾಗಿ ದಪ್ಪವಾಗಿ ಪಾದ ಮಾತ್ರ ಸಣ್ಣಗಿದ್ದು, ಸಣ್ಣ ತಾಗುವಿಕೆಗೂ ಚರ್ಮ ನೀಲಿಗಟ್ಟುತ್ತಿದ್ದರೆ ಅದು ಲಿಪೆಡಿಮಾ ಇರಬಹುದು. ಇದು ಕಾಲಲ್ಲಿ ಕೊಬ್ಬು ಸೇರಿಕೊಳ್ಳುವ, ಹೆಚ್ಚಾಗಿ ಹೆಂಗಸರಿಗೇ ಬರುವ ಕಾಯಿಲೆ; ಉಪವಾಸದಿಂದ ಆ ಕೊಬ್ಬು ಹೆಚ್ಚೇನೂ ಇಳಿಯುವುದಿಲ್ಲ. ಎಷ್ಟೋ ಜನರಿಗೆ "ತಿನ್ನುವುದು ಕಡಿಮೆ ಮಾಡಿ" ಎಂಬ ಬೈಗುಳವಷ್ಟೇ ಸಿಕ್ಕಿರುತ್ತದೆ. ರಕ್ತನಾಳ ತಜ್ಞರಿಗೆ ತೋರಿಸಿ, ಹೋಗುವಾಗ ಆರು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ ಎಂಬುದನ್ನು ಬರೆದುಕೊಂಡು ಹೋಗಿ. ಅವರು ನೋಡಿದ ಮೇಲೆ ಇಲ್ಲಿಗೆ ಬರೆಯಿರಿ, ಊಟದ ವಿಚಾರ ಆಮೇಲೆ ನೋಡೋಣ.